ರಷ್ಯಾದ ಟ್ಯಾಂಕ್ ದಾಸ್ತಾನು ಎಷ್ಟು ಕರಗಿದೆ? ಉಪಗ್ರಹ ಚಿತ್ರ ನೋಡಿ ಎಣಿಸುವ ಸಮಗ್ರ ಮಾರ್ಗದರ್ಶಿ

ಲಂಡನ್ನಿನ ಐಐಎಸ್‌ಎಸ್ ಸಂಸ್ಥೆ ಪ್ರತಿವರ್ಷ ಜಗತ್ತಿನ ಸೇನೆಗಳ ಲೆಕ್ಕ ಕೊಡುತ್ತದೆ. ರಷ್ಯಾದ ದಾಸ್ತಾನಿನಲ್ಲಿ 10,200 ಟ್ಯಾಂಕುಗಳಿವೆ ಎಂದು 2021ರಲ್ಲಿ ಅದು ಬರೆದಿತ್ತು. 2023ರಲ್ಲಿ ಅದೇ ಸಾಲಿನಲ್ಲಿ 5,000 ಎಂದು ಬಂತು. 2022ರ ಫೆಬ್ರವರಿಯಲ್ಲಿ ಶುರುವಾದ ಉಕ್ರೇನ್ ಯುದ್ಧದ ಮೊದಲ ವರ್ಷ ರಷ್ಯಾ ಕಳೆದುಕೊಂಡ ಟ್ಯಾಂಕುಗಳಲ್ಲಿ ಒರಿಕ್ಸ್ ತಂಡ ಫೋಟೊ ಸಮೇತ ದಾಖಲಿಸಿದ್ದು 1,700 ಚಿಲ್ಲರೆ. ಅಂದರೆ ಈ ಕುಸಿತದ ದೊಡ್ಡ ಪಾಲಿಗೆ ಯುದ್ಧಭೂಮಿ ಕಾರಣವಲ್ಲ, ಹಳೆಯ ಅಂಕಿಯೇ ಉಬ್ಬಿತ್ತು. ಅದೇ ಹೊತ್ತಿಗೆ ಮನೆಯಲ್ಲಿ ಕೂತು ಉಪಗ್ರಹ ಚಿತ್ರದಲ್ಲಿ ಒಂದೊಂದೇ ಟ್ಯಾಂಕಿಗೆ ಚುಕ್ಕಿ ಇಡುತ್ತಿದ್ದ ಹವ್ಯಾಸಿಗಳಿಗೆ ಸಿಕ್ಕ ಯುದ್ಧಪೂರ್ವ ಲೆಕ್ಕ ಏಳು ಸಾವಿರದ ಆಸುಪಾಸಿನಲ್ಲಿತ್ತು.

ಈ ಕೆಲಸಕ್ಕೆ ಸೈನ್ಯದ ಅನುಭವ ಬೇಡ. ಒಂದು ಸಾಧಾರಣ ಲ್ಯಾಪ್‌ಟಾಪ್, ಇಂಟರ್‌ನೆಟ್ ಮತ್ತು ಬೇಸರಪಡದೆ ಎಣಿಸುವ ಸ್ವಭಾವ ಇದ್ದರಾಯಿತು. ಎಣಿಸುವುದು ಇದರಲ್ಲಿ ಸುಲಭದ ಭಾಗ. ಉಳಿದಿರುವ ವಾಹನ ಓಡುವಂಥದ್ದೋ ಗುಜರಿಯೋ ಎಂದು ಬೇರ್ಪಡಿಸುವುದರಲ್ಲೇ ನಿಜವಾದ ಕಸುಬಿದೆ.

ಮೊದಲು ಸ್ವಲ್ಪ ಹಿನ್ನೆಲೆ

ಇಷ್ಟೊಂದು ಉಕ್ಕು ಸೈಬೀರಿಯದ ಬಯಲಲ್ಲಿ ಯಾಕೆ ನಿಂತಿದೆ? 1990ರ ನವೆಂಬರ್‌ನಲ್ಲಿ ಪ್ಯಾರಿಸ್‌ನಲ್ಲಿ ಸಿಎಫ್ಇ ಒಪ್ಪಂದಕ್ಕೆ ಸಹಿ ಬಿತ್ತು. ಅಟ್ಲಾಂಟಿಕ್‌ನಿಂದ ಉರಲ್ ಪರ್ವತಗಳವರೆಗಿನ ಪ್ರದೇಶದಲ್ಲಿ ನೇಟೊ ಮತ್ತು ವಾರ್ಸಾ ಒಕ್ಕೂಟ ಎಂಬ ಎರಡು ಬಣಗಳಲ್ಲಿ ಒಂದೊಂದಕ್ಕೆ 20,000 ಟ್ಯಾಂಕುಗಳ ಮಿತಿ ಹಾಕಿದ ಒಪ್ಪಂದ ಅದು. ಸಹಿಗೆ ಮುನ್ನವೇ ಸೋವಿಯತ್ ಸೇನೆ ಸಾವಿರಾರು ವಾಹನಗಳನ್ನು ರೈಲಿಗೇರಿಸಿ ಉರಲ್‌ನ ಆಚೆಗೆ ಸಾಗಿಸಿತು, ಅಲ್ಲಿ ಮಿತಿ ಅನ್ವಯಿಸುತ್ತಿರಲಿಲ್ಲ. ಆಮೇಲೆ ದೇಶವೇ ಒಡೆಯಿತು, ಸೇನೆ ಕುಗ್ಗಿತು, ವಾಹನಗಳು ಅಲ್ಲಲ್ಲೇ ಉಳಿದವು. ಉರಲ್ ಸೀಮೆಯ ವೆರ್ಖ್ನಯಾ ಪಿಷ್ಮಾ, ಬುರ್ಯಾತಿಯದ ವಾಗ್ಝಾನೊವೊ, ಪೆಸಿಫಿಕ್ ಬದಿಯ ಆರ್ಸೆನ್ಯೆವ್, ಕ್ರಾಸ್ನೊಯಾರ್ಸ್ಕ್ ಪ್ರಾಂತ್ಯದ ಕೊಝುಲ್ಕಾ, ಉರಲ್‌ಗೆ ಈಚೆ ಕೊಸ್ತ್ರೊಮಾದ ಬುಯ್: ಈ ಕೆಲಸಕ್ಕಿಳಿದವರ ಬಾಯಲ್ಲಿ ಸದಾ ಓಡಾಡುವ ಹೆಸರುಗಳಿವು.

ಹೆಚ್ಚಿನ ವಾಹನಗಳು ನಿಂತಿರುವುದು ಬಯಲಲ್ಲಿ, ಮೂವತ್ತು ವರ್ಷಗಳ ಮಳೆ ಮತ್ತು ಹಿಮಕ್ಕೆ ಮೈಯೊಡ್ಡಿ. ನಮಗೆ ಅವು ಕಾಣುವುದಕ್ಕೂ ಅವುಗಳಲ್ಲಿ ಬಹಳಷ್ಟು ಕೆಟ್ಟುಹೋಗಿರುವುದಕ್ಕೂ ಇದೇ ಕಾರಣ.

ಹಂತ 1: ಕಣ್ಣು ಪಳಗಿಸಿಕೊಳ್ಳಿ

ನೇರವಾಗಿ ರಷ್ಯಾಕ್ಕೆ ಹೋಗಬೇಡಿ. ಗೂಗಲ್ ಅರ್ಥ್ ಪ್ರೊ ಹಾಕಿಕೊಳ್ಳಿ (2015ರಿಂದ ಉಚಿತ), ನಿಮ್ಮೂರಿನ ಕೆಎಸ್ಆರ್‌ಟಿಸಿ ಡಿಪೊ ತೆರೆಯಿರಿ, ಬಸ್ಸುಗಳನ್ನು ಎಣಿಸಿ. ಬಸ್ಸು ಸುಮಾರು 11ರಿಂದ 12 ಮೀಟರ್ ಉದ್ದ, ಎರಡೂವರೆ ಮೀಟರ್ ಅಗಲ. ಒತ್ತಾಗಿ ನಿಂತ ಎರಡು ಬಸ್ಸು ಎಲ್ಲಿ ಒಂದಾಗಿ ಕಾಣುತ್ತವೆ, ಮರದಡಿ ನಿಂತದ್ದು ಹೇಗೆ ತಪ್ಪಿಹೋಗುತ್ತದೆ, ಶೆಡ್ಡಿನೊಳಗೆ ಎಷ್ಟಿರಬಹುದು, ಇವೆಲ್ಲ ಅಲ್ಲೇ ಎದುರಾಗುತ್ತವೆ. ಅಳತೆಪಟ್ಟಿಯಿಂದ ಉದ್ದ ಅಳೆಯುವುದು, ಮೇಲಿನ ಪಟ್ಟಿಯ ಗಡಿಯಾರದ ಗುರುತು ಒತ್ತಿ ಹಳೆಯ ಚಿತ್ರಗಳಿಗೆ ಹಿಂದೆ ಹೋಗುವುದು, ಇವೆರಡು ಕೈಗೆ ಹತ್ತಿದರೆ ಉಪಕರಣದ ಮಟ್ಟಿಗೆ ನೀವು ತಯಾರು.

ಹಂತ 2: ನೆಲೆ ಹುಡುಕಿ ಗಡಿ ಹಾಕಿ

ನೆಲೆಗಳ ಸ್ಥಳ ಗುಟ್ಟೇನಲ್ಲ. ವಿಕಿಮ್ಯಾಪಿಯಾದಲ್ಲಿ ಬಳಕೆದಾರರೇ ಅವನ್ನು ಗುರುತಿಸಿ ಎಷ್ಟೋ ವರ್ಷವಾಯಿತು. ಹೊಸದಾಗಿ ಹುಡುಕುವುದಾದರೆ ಮುಖ್ಯ ರೈಲುಮಾರ್ಗದಿಂದ ಕವಲೊಡೆದು ಬೇಲಿಯೊಳಗೆ ನುಗ್ಗುವ ಹಳಿ, ಟ್ಯಾಂಕ್ ಏರಿಸುವ ಇಳಿಜಾರು ಕಟ್ಟೆ, ಚೌಕಚೌಕವಾಗಿ ವಿಂಗಡಿಸಿದ ಬಯಲು, ಸಾಲಾಗಿ ಉದ್ದನೆಯ ಶೆಡ್ಡುಗಳು ಇವೆಯೇ ನೋಡಿ. ಹಳಿಯಿಲ್ಲದ ನೆಲೆ ದೊಡ್ಡ ನೆಲೆಯಾಗಿರುವುದು ಅಪರೂಪ.

ನೆಲೆ ಸಿಕ್ಕಮೇಲೆ ಇಡೀ ಆವರಣವನ್ನು ತುಂಡುಗಳಾಗಿ ವಿಂಗಡಿಸಿ. ಪಾಲಿಗನ್ (ಬಹುಭುಜದ ಗಡಿಗೆರೆ) ಎಳೆದು ಅ-1, ಅ-2, ಆ-1 ಎಂದು ಹೆಸರಿಡಿ. ರಸ್ತೆ, ಚರಂಡಿ, ಬೇಲಿಯಂಥ ಜಗ್ಗದ ಗುರುತುಗಳನ್ನೇ ಗಡಿ ಮಾಡಿಕೊಳ್ಳಿ. ಬೇರೆ ಬೇರೆ ದಿನದ ಚಿತ್ರಗಳು ಒಂದರ ಮೇಲೊಂದು ಕರಾರುವಾಕ್ಕಾಗಿ ಕೂರುವುದಿಲ್ಲ, ಕೆಲವು ಮೀಟರ್ ಆಚೀಚೆ ಸರಿದಿರುತ್ತವೆ. ಹಳೆಯ ಚಿತ್ರದ ಚುಕ್ಕಿ ಹೊಸ ಚಿತ್ರದಲ್ಲಿ ಪಕ್ಕದ ಟ್ಯಾಂಕಿನ ಮೇಲೆ ಕೂತರೆ ಗಾಬರಿಯಾಗಬೇಡಿ. ತುಂಡಿಗೆ ತುಂಡು, ಸಾಲಿಗೆ ಸಾಲು ಹೋಲಿಸಿದರೆ ಈ ತೊಡಕು ಕಾಡುವುದಿಲ್ಲ.

ಹಂತ 3: ಆಧಾರ ಚಿತ್ರ

ಮುಂದಿನ ಹೋಲಿಕೆಯೆಲ್ಲ ನಿಲ್ಲುವುದು 2022ರ ಫೆಬ್ರವರಿಗೆ ಮುಂಚಿನ ಒಂದು ಸ್ವಚ್ಛ ಚಿತ್ರದ ಮೇಲೆ. 2021ರ ಬೇಸಿಗೆ ಅಥವಾ ಶರತ್ಕಾಲದ್ದು ಸಿಕ್ಕರೆ ಉತ್ತಮ. ಅದಕ್ಕೂ ಹಿಂದಿನ ಒಂದೆರಡು ವರ್ಷದ ಚಿತ್ರಗಳನ್ನೂ ನೋಡಲೇಬೇಕು, ಏಕೆಂದರೆ ಶಾಂತಿಕಾಲದಲ್ಲೂ ನೆಲೆಗಳು ಸುಮ್ಮನಿರುವುದಿಲ್ಲ. ವಾಹನ ಆಚೀಚೆ ಸರಿಸುತ್ತಾರೆ, ಗುಜರಿಗೆ ಕಳಿಸುತ್ತಾರೆ, ಬೇರೆ ದೇಶಕ್ಕೆ ಮಾರುತ್ತಾರೆ. ಈ ಸಹಜ ಏರಿಳಿತ ಗೊತ್ತಿಲ್ಲದವರಿಗೆ 2022ರ ನಂತರದ ಪ್ರತಿ ಖಾಲಿ ಜಾಗವೂ ಉಕ್ರೇನಿಗೆ ಹೋದಂತೆ ಕಾಣುತ್ತದೆ.

ದಿನಾಂಕದ ಬಗ್ಗೆ ಎಚ್ಚರ. ಗೂಗಲ್ ಅರ್ಥ್‌ನಲ್ಲಿ ಪರದೆಯ ಒಂದು ಭಾಗ ಒಂದು ದಿನದ್ದು, ಇನ್ನೊಂದು ಭಾಗ ಬೇರೆ ದಿನದ್ದು ಆಗಿರುತ್ತದೆ. ಬಣ್ಣ ಒಮ್ಮೆಲೇ ಬದಲಾಗುವ ಗೆರೆ ಕಂಡರೆ ಅದು ಹೊಲಿಗೆ. ನೆಲೆಯ ನಡುವೆಯೇ ಆ ಹೊಲಿಗೆ ಹಾದಿದ್ದರೆ ಎರಡು ಬದಿಗೂ ಬೇರೆ ಬೇರೆ ದಿನಾಂಕ ಬರೆದುಕೊಳ್ಳಿ.

ಹಂತ 4: ಯಾವುದು ಯಾವುದೆಂದು ಗುರುತಿಸುವುದು

ಇಲ್ಲಿ ಸ್ವಲ್ಪ ಗಣಿತ ಬೇಕು. ಟಿ-72ರ ಒಡಲು ಸುಮಾರು 6.9 ಮೀಟರ್ ಉದ್ದ, 3.6 ಮೀಟರ್ ಅಗಲ. 30 ಸೆಂಟಿಮೀಟರ್ ರೆಸಲ್ಯೂಷನ್ನಿನ (ಒಂದು ಪಿಕ್ಸೆಲ್ ಎಂದರೆ ನೆಲದ ಮೇಲೆ 30 ಸೆಂಟಿಮೀಟರ್) ಚಿತ್ರದಲ್ಲಿ ಅದು 23ಕ್ಕೆ 12 ಪಿಕ್ಸೆಲ್. ತಿರುಗುವ ತಲೆಭಾಗ, ಅಂದರೆ ಟರೆಟ್, ದುಂಡಗೆ ಕಾಣುತ್ತದೆ, ಬೆಳಕು ಚೆನ್ನಾಗಿದ್ದರೆ ನಳಿಗೆಯೂ ಕಾಣುತ್ತದೆ. 50 ಸೆಂಟಿಮೀಟರ್‌ನಲ್ಲಿ ಅದು 14ಕ್ಕೆ 7: ಟ್ಯಾಂಕ್ ಹೌದೋ ಅಲ್ಲವೋ ಹೇಳಬಹುದು, ಯಾವ ಟ್ಯಾಂಕ್ ಎಂಬುದು ಕಷ್ಟ. 3 ಮೀಟರ್‌ನಲ್ಲಿ ಎರಡು ಪಿಕ್ಸೆಲ್ಲಿನ ಮಸಿ. 10 ಮೀಟರ್‌ನಲ್ಲಿ ಒಂದು ಟ್ಯಾಂಕ್ ಒಂದು ಪಿಕ್ಸೆಲ್ಲಿನ ಕಾಲು ಭಾಗವನ್ನಷ್ಟೇ ತುಂಬುತ್ತದೆ.

ಟಿ-72 ಹೇಗಿರುತ್ತದೆಂದು ನಮ್ಮಲ್ಲಿ ಸೇನೆಯಿಂದ ಬಂದ ಹಲವರಿಗೆ ಗೊತ್ತು, ಚೆನ್ನೈ ಬಳಿಯ ಆವಡಿಯಲ್ಲಿ ತಯಾರಾದ ‘ಅಜೇಯ’ ಅದೇ ಟ್ಯಾಂಕ್. ಆದರೆ ಮೇಲಿನಿಂದ ನೋಡಿದಾಗ ಪರಿಚಯದ ಮುಖವೂ ಬೇರೆಯಾಗುತ್ತದೆ. ಕೆಲವು ಗುರುತುಗಳು:

ಟ್ಯಾಂಕುಗಳಲ್ಲಿ ಟರೆಟ್ ನಡುಭಾಗದಲ್ಲಿ ಅಥವಾ ಸ್ವಲ್ಪ ಮುಂದಕ್ಕಿರುತ್ತದೆ, ನಳಿಗೆ ಒಡಲನ್ನು ದಾಟಿ ಎರಡೂವರೆ ಮೀಟರ್‌ವರೆಗೆ ಮುಂಚಾಚುತ್ತದೆ. ಟಿ-54, ಟಿ-55 ಮತ್ತು ಟಿ-62 ಸುಮಾರು 3.3 ಮೀಟರ್ ಅಗಲದವು, ಟಿ-72ಕ್ಕಿಂತ ಕಿರಿದು. ಒಳ್ಳೆಯ ಚಿತ್ರದಲ್ಲಿ ಈ ಒಂದು ಪಿಕ್ಸೆಲ್ ವ್ಯತ್ಯಾಸವೂ ಕೆಲಸಕ್ಕೆ ಬರುತ್ತದೆ, ಅದೂ ಇಡೀ ಸಾಲನ್ನು ಅಳೆದು ಸರಾಸರಿ ತೆಗೆದರೆ ಮಾತ್ರ. ಸೈನಿಕರನ್ನು ಹೊತ್ತು ಹೋರಾಡುವ ಬಿಎಂಪಿ ವಾಹನಗಳು 6.7 ಮೀಟರ್ ಉದ್ದ, ಮೂರು ಮೀಟರ್ ಆಸುಪಾಸಿನ ಅಗಲ, ಚೂಪು ಮೂತಿ. ಸೈನಿಕರನ್ನು ಸಾಗಿಸುವ ಬಿಟಿಆರ್‌ಗಳಿಗೆ ಎಂಟು ಚಕ್ರ, ಏಳೂವರೆ ಮೀಟರ್ ದಾಟುವ ನೀಳ ದೇಹ, ಮುಂಭಾಗದಲ್ಲಿ ಪುಟ್ಟ ಟರೆಟ್. ಎಂಟಿ-ಎಲ್‌ಬಿ ಎಂಬ ಸಾಗಣೆ ವಾಹನ ದೊಡ್ಡ ಟರೆಟ್ಟಿಲ್ಲದ ಪೆಟ್ಟಿಗೆಯಂತೆ ಕಾಣುತ್ತದೆ. ಟರೆಟ್ ಹಿಂಭಾಗದಲ್ಲಿದ್ದರೆ ಅದು 2ಎಸ್1 ಅಥವಾ 2ಎಸ್3ಯಂಥ, ತನ್ನದೇ ಎಂಜಿನ್ನಿನಿಂದ ಓಡುವ ಫಿರಂಗಿ ಎಂದು ಮೊದಲು ಅನುಮಾನಿಸಿ.

ಇದಕ್ಕಿಂತ ಸೂಕ್ಷ್ಮವಾಗಿ, ಟಿ-72ಎಯೋ ಟಿ-72ಬಿಯೋ ಎಂದು ಮೇಲಿನಿಂದ ಹೇಳುವವರನ್ನು ನಾನು ನಂಬುವುದಿಲ್ಲ. ನೆಲದ ಮೇಲಿನ ಫೋಟೊ, ರೈಲಿನ ವಿಡಿಯೊ ಇದ್ದರೆ ಆ ಮಾತು ಬೇರೆ. ಇಲ್ಲದಿದ್ದರೆ ‘ಟಿ-72/64/80 ಬಗೆ’ ಎಂದು ಕೋಷ್ಟಕದ ಒಂದೇ ಕಂಬದಲ್ಲಿ (ಕಾಲಂನಲ್ಲಿ) ಬರೆಯಿರಿ. ‘ಗುರುತಾಗದ ಶಸ್ತ್ರಸಜ್ಜಿತ ವಾಹನ’ ಎಂಬ ಇನ್ನೊಂದು ಕಂಬವೂ ಇರಲಿ.

ಹಂತ 5: ಎಣಿಕೆ

ಪ್ರತಿ ವಾಹನಕ್ಕೂ ಒಂದು ಚುಕ್ಕಿ, ಬಗೆಗೊಂದು ಬಣ್ಣ. ಗೂಗಲ್ ಅರ್ಥ್‌ನ ಪ್ಲೇಸ್‌ಮಾರ್ಕ್ ಸಾಕು. ಸಾವಿರ ದಾಟಿದರೆ ಉಚಿತವಾಗಿ ಸಿಗುವ ನಕ್ಷೆ ತಂತ್ರಾಂಶ ಕ್ಯೂಜಿಐಎಸ್‌ಗೆ ಹೋಗಿ, ಅಲ್ಲಿ ಪಾಲಿಗನ್ನಿನೊಳಗೆ ಎಷ್ಟು ಚುಕ್ಕಿ ಎಂದು ಅದೇ ಲೆಕ್ಕ ಹಾಕಿಕೊಡುತ್ತದೆ.

ಒಂದು ತುಂಡು ಮುಗಿಸಿ, ಚುಕ್ಕಿ ಮರೆಮಾಡಿ, ಬೇರೊಂದು ದಿನ ಮತ್ತೆ ಎಣಿಸಿ. ಎರಡು ಲೆಕ್ಕಗಳ ಅಂತರವೇ ನಿಮ್ಮ ತಪ್ಪಿನ ಅಂದಾಜು. ಇನ್ನೊಬ್ಬರು ಎಣಿಸಿಕೊಟ್ಟರೆ ಇನ್ನೂ ಚೆನ್ನ, ಆದರೆ ಅವರಿಗೆ ನಿಮ್ಮ ಅಂಕಿ ಮೊದಲೇ ಹೇಳಬೇಡಿ. ಒತ್ತಾದ ಸಾಲುಗಳಿಗೆ ಅಡ್ಡಪರೀಕ್ಷೆಯೂ ಉಂಟು: ಸಾಲಿನ ಉದ್ದ 100 ಮೀಟರ್, ಸ್ಪಷ್ಟವಾಗಿ ಕಾಣುವ ಕಡೆ ಒಂದು ವಾಹನದ ನಡುವಿನಿಂದ ಮತ್ತೊಂದರ ನಡುವಿಗೆ 4.5 ಮೀಟರ್ ಇದ್ದರೆ, ಸಾಲಿನಲ್ಲಿ 22 ಅಥವಾ 23 ಇರಬೇಕು. ನೀವು 17 ಎಣಿಸಿದ್ದರೆ ಎಲ್ಲೋ ಬಿಟ್ಟಿದ್ದೀರಿ, ಅಥವಾ ನಡುವೆ ಖಾಲಿ ಜಾಗಗಳಿವೆ.

ಎಐ ಮಾದರಿಗೆ ಬಿಟ್ಟರೆ ಆಗದೇ ಎಂದು ಕೇಳುವವರಿದ್ದಾರೆ. ಬಿಡಿಬಿಡಿಯಾಗಿ ನಿಂತ ವಾಹನಗಳಿಗೆ ಆದೀತು. ಮುಟ್ಟಿಕೊಂಡು ನಿಂತ ಸಾಲುಗಳಲ್ಲಿ, ಅರ್ಧ ಹಿಮ ಮುಚ್ಚಿದ ಒಡಲುಗಳಲ್ಲಿ ಅದು ಎರಡನ್ನು ಒಂದು ಮಾಡುತ್ತದೆ, ನೆರಳನ್ನೂ ವಾಹನವೆನ್ನುತ್ತದೆ. ಮೊದಲ ಸುತ್ತಿಗೆ ಬಳಸಿ, ಕೊನೆಯ ಮಾತು ಕಣ್ಣಿನದಾಗಿರಲಿ.

ಹಂತ 6: ಗುಣಮಟ್ಟದ ವಿಂಗಡಣೆ

ಇಡೀ ಮಾರ್ಗದರ್ಶಿಯಲ್ಲಿ ಇದೊಂದನ್ನೇ ಮಾಡಿದರೂ ನಿಮ್ಮ ಕೆಲಸ ಬಹುಪಾಲು ಸುದ್ದಿವರದಿಗಳಿಗಿಂತ ಮುಂದಿರುತ್ತದೆ. ಪ್ರತಿ ವಾಹನವನ್ನೂ ಮೂರರಲ್ಲಿ ಒಂದು ಗುಂಪಿಗೆ ಹಾಕಿ.

ಮೊದಲನೆಯದು, ಅಚ್ಚುಕಟ್ಟಾಗಿ ಸಾಲಲ್ಲಿ ನಿಂತು, ನಳಿಗೆ ಒಂದೇ ದಿಕ್ಕಿಗಿದ್ದು, ಸುತ್ತ ಗಿಡಗಂಟಿ ಬೆಳೆಯದೆ ಇರುವವು. ಎರಡನೆಯದು, ಸಾಲಲ್ಲಿದ್ದರೂ ಬಣ್ಣ ಮಾಸಿದ, ನಡುವೆ ಪೊದೆ ಎದ್ದ, ವರ್ಷಗಳಿಂದ ಯಾರೂ ಮುಟ್ಟದವು. ಮೂರನೆಯದು, ಟರೆಟ್ ಇಲ್ಲದ, ಎಂಜಿನ್ ಮುಚ್ಚಳ ತೆರೆದ, ಎಲ್ಲೆಂದರಲ್ಲಿ ಅಡ್ಡಾದಿಡ್ಡಿ ಬಿದ್ದವು. ಟರೆಟ್ ಇಲ್ಲದ ಒಡಲು ಗುರುತಿಸುವುದು ಸುಲಭ: ದುಂಡು ಉಬ್ಬಿನ ಜಾಗದಲ್ಲಿ ಕಪ್ಪು ವೃತ್ತ ಕಾಣುತ್ತದೆ.

ಮನೆಯ ಕಣಜದಿಂದ ಭತ್ತ ತೆಗೆಯುವಾಗ ಮೇಲಿನ ಒಳ್ಳೆಯದು ಮೊದಲು ಹೋಗಿ ತಳದಲ್ಲಿ ಮುಗ್ಗಲು ಉಳಿಯುವ ಹಾಗೆಯೇ ಇಲ್ಲೂ. ಒಂದು ಕಲ್ಪಿತ ನೆಲೆ ತೆಗೆದುಕೊಳ್ಳೋಣ. 2022ರ ಫೆಬ್ರವರಿಯಲ್ಲಿ 400 ಟ್ಯಾಂಕ್: ಒಳ್ಳೆಯವು 220, ಮಧ್ಯಮ 120, ಗುಜರಿ 60. 2024ರ ಅಕ್ಟೋಬರ್‌ನಲ್ಲಿ 190: ಒಳ್ಳೆಯವು 20, ಮಧ್ಯಮ 110, ಗುಜರಿ 60. ಒಟ್ಟು ಲೆಕ್ಕ ನೋಡಿದವರು ‘ಅರ್ಧ ಖಾಲಿ’ ಎನ್ನುತ್ತಾರೆ. ತಿಂಗಳಿಗೆ ಆರೂವರೆಯಂತೆ ಹೋಗಿದೆ, ಉಳಿದದ್ದು ಇನ್ನೂ 29 ತಿಂಗಳು ಸಾಕು ಎಂದು ಲೆಕ್ಕ ಹಾಕಿಯೂ ಬಿಡುತ್ತಾರೆ. ಆದರೆ ಬೇಗ ರಿಪೇರಿಯಾಗುವ ಟ್ಯಾಂಕುಗಳಲ್ಲಿ ನೂರಕ್ಕೆ 90 ಆಗಲೇ ಹೋಗಿವೆ. ಇನ್ನು ಮುಂದೆ ಹೊರಡುವ ಪ್ರತಿ ಟ್ಯಾಂಕಿಗೂ ಕಾರ್ಖಾನೆಯಲ್ಲಿ ಹೆಚ್ಚು ಕಾಲ, ಹೆಚ್ಚು ಬಿಡಿಭಾಗ ಬೇಕು. ನಿಜವಾದ ನೆಲೆಗಳಲ್ಲೂ ಇದೇ ಕಂಡದ್ದು: 2022 ಮತ್ತು 2023ರಲ್ಲಿ ರಭಸವಾಗಿ ಖಾಲಿಯಾಗುತ್ತಿದ್ದ ಬಯಲುಗಳಲ್ಲಿ ಆಮೇಲೆ ವೇಗ ಇಳಿಯಿತು. ದಾಸ್ತಾನು ಉಳಿಸಿಕೊಳ್ಳುತ್ತಿದ್ದಾರೆಂದು ಇದನ್ನು ಓದುವುದು ಅವಸರ. ತೆಗೆಯಲು ಯೋಗ್ಯವಾದದ್ದೇ ಕಡಿಮೆಯಾಗಿರಬಹುದು. 2023ರ ವಸಂತದಲ್ಲಿ ಆರ್ಸೆನ್ಯೆವ್ ಕಡೆಯಿಂದ ತೀರಾ ಹಳೆಯ ಟಿ-54, ಟಿ-55 ಟ್ಯಾಂಕುಗಳನ್ನು ಹೊತ್ತ ರೈಲು ಹೊರಟ ಫೋಟೊಗಳು ಬಂದಾಗ ಜಗತ್ತು ನಕ್ಕಿತು. ನಗುವುದಕ್ಕಿಂತ ಅದನ್ನು ದಾಸ್ತಾನಿನ ಗುಣಮಟ್ಟದ ಸಾಕ್ಷಿಯಾಗಿ ಬರೆದಿಟ್ಟುಕೊಳ್ಳುವುದು ಲೇಸಿತ್ತು.

ಎಳೆದೊಯ್ಯುವ ಫಿರಂಗಿಗಳಲ್ಲಿ ಇನ್ನೊಂದು ತಿರುವಿದೆ. ಗುಂಡು ಹಾರಿಸಿ ಹಾರಿಸಿ ನಳಿಗೆ ಸವೆಯುತ್ತದೆ, ಹೊಸ ನಳಿಗೆ ತಯಾರಿಸುವ ವಿಶೇಷ ಯಂತ್ರಗಳು ಕಡಿಮೆ. ಹಾಗಾಗಿ ದಾಸ್ತಾನಿನ ಫಿರಂಗಿಯ ನಳಿಗೆ ಬಿಚ್ಚಿಕೊಂಡು ಗಾಡಿಯನ್ನು ಅಲ್ಲೇ ಬಿಡುತ್ತಾರೆ. 2ಎಸ್3ರ ತೋಪು ಎಳೆದೊಯ್ಯುವ ಫಿರಂಗಿ ಡಿ-20ರಿಂದ, 2ಎಸ್1ರದ್ದು ಅಂಥದ್ದೇ ಡಿ-30ರಿಂದ ಬೆಳೆದದ್ದು, ಹಳೆಯ ಫಿರಂಗಿಗಳ ಬೆಲೆ ಹೆಚ್ಚಲು ಇಂಥ ನಂಟುಗಳೂ ಕಾರಣ. ಸಾಲು ತುಂಬಿದಂತೆಯೇ ಕಾಣುತ್ತದೆ, ಉದ್ದ ಅಳೆದರೆ ಮಾತ್ರ ನಳಿಗೆ ಇಲ್ಲದ್ದು ತಿಳಿಯುತ್ತದೆ. ಫಿರಂಗಿ ಎಣಿಸುವವರು 30 ಸೆಂಟಿಮೀಟರ್ ಚಿತ್ರವಿಲ್ಲದೆ ಕೂರಬಾರದು.

ಹಂತ 7: ಉಚಿತ ಚಿತ್ರಗಳಿಂದ ಕಾವಲು

ಒಳ್ಳೆಯ ಚಿತ್ರ ಕೊಳ್ಳಲು ದುಡ್ಡು ಬೇಕು, ಗೂಗಲ್‌ನದು ಬಹಳ ಸಲ ಹಳೆಯದು. ನಡುವಿನ ಅವಧಿಗೆ ಯುರೋಪಿನ ಸೆಂಟಿನೆಲ್-2 ಇದೆ. ಎರಡು ಉಪಗ್ರಹಗಳು ಸೇರಿ ಐದು ದಿನಕ್ಕೊಮ್ಮೆ ಅದೇ ಜಾಗ ನೋಡುತ್ತವೆ, 10 ಮೀಟರ್ ರೆಸಲ್ಯೂಷನ್, ಪೂರ್ತಿ ಉಚಿತ. ಕೊಪರ್ನಿಕಸ್ ಬ್ರೌಸರ್‌ನಲ್ಲಿ ಖಾತೆ ತೆರೆದು ನಿಮ್ಮ ಪಾಲಿಗನ್ ಹಾಕಿ, ಎಲ್2ಎ (ವಾತಾವರಣದ ಮಬ್ಬು ತಿದ್ದಿದ) ದತ್ತಾಂಶ ಆರಿಸಿ, ಮೋಡ ಕಡಿಮೆಯಿರುವ ದಿನಗಳನ್ನು ಸೋಸಿ, ಎರಡು ದಿನಾಂಕಗಳನ್ನು ಅಕ್ಕಪಕ್ಕ ಇಟ್ಟು ನೋಡಿ.

ಬಿಡಿ ಟ್ಯಾಂಕ್ ಇದರಲ್ಲಿ ಕಾಣುವುದಿಲ್ಲ, ಒತ್ತಾಗಿ ನಿಂತ ಸಾಲು ಕಪ್ಪು ಗೆರೆಯಾಗಿ ಕಾಣುತ್ತದೆ. ಗೆರೆ ಮಾಯವಾದ ವಾರ ಯಾವುದು ಎಂದು ಕಂಡುಕೊಳ್ಳುವುದೇ ಇದರ ಉಪಯೋಗ. ಹಸಿರನ್ನು ಕೆಂಪಾಗಿ ತೋರುವ ಹುಸಿಬಣ್ಣದ ಜೋಡಣೆಯಲ್ಲಿ (8, 4, 3 ಬ್ಯಾಂಡುಗಳು) ಇನ್ನೊಂದು ಸುಳಿವಿದೆ. ದಶಕಗಳ ಕಾಲ ಟ್ಯಾಂಕ್ ನಿಂತ ನೆಲದಲ್ಲಿ ಹುಲ್ಲಿರುವುದಿಲ್ಲ. ವಾಹನ ಹೋದ ಮೊದಲ ಬೇಸಿಗೆ ಆ ಜಾಗ ಬೋಳಾಗಿ, ಮುಂದಿನ ಬೇಸಿಗೆಗಳಲ್ಲಿ ನಿಧಾನ ಕೆಂಪಾಗಿ ಕಾಣುತ್ತದೆ.

ಋತು ಆರಿಸುವುದರಲ್ಲಿ ಜಾಣ್ಮೆ ಬೇಕು. ವೆರ್ಖ್ನಯಾ ಪಿಷ್ಮಾ ಇರುವುದು 57ನೇ ಅಕ್ಷಾಂಶದಲ್ಲಿ. ಡಿಸೆಂಬರ್ ಕೊನೆಯಲ್ಲಿ ನಡುಮಧ್ಯಾಹ್ನವೂ ಸೂರ್ಯ ಅಲ್ಲಿ ಹತ್ತು ಡಿಗ್ರಿ ಏರುವುದಿಲ್ಲ. 2.2 ಮೀಟರ್ ಎತ್ತರದ ಟ್ಯಾಂಕಿನ ನೆರಳು 13 ಮೀಟರ್ ಚಾಚಿ ಹಿಂದಿನ ಸಾಲನ್ನೇ ನುಂಗುತ್ತದೆ. ಜೂನ್‌ನಲ್ಲಿ ಅದೇ ನೆರಳು ಒಂದೂವರೆ ಮೀಟರ್. ಚಳಿಗಾಲಕ್ಕೂ ಬೇರೆ ಲಾಭವಿದೆ: ಹಿಮ ಬಿದ್ದ ಮೇಲೆ ಯಾವ ತುಂಡಿಗೆ ಚಕ್ರದ ಜಾಡು ಹೋಗಿದೆ, ಯಾವುದು ಮುಟ್ಟದ ಬಿಳಿಯಾಗಿದೆ ಎಂಬುದು ಎದ್ದು ಕಾಣುತ್ತದೆ. ಎಣಿಕೆಗೆ ನನ್ನ ಆಯ್ಕೆ ಹಿಮ ಕರಗಿ ಎಲೆ ಚಿಗುರುವ ಮುನ್ನಿನ ಏಪ್ರಿಲ್-ಮೇ.

ತಿಂಗಳುಗಟ್ಟಲೆ ಮೋಡ ಕವಿದರೆ ಸೆಂಟಿನೆಲ್-1ರ ರೇಡಾರ್ ನೋಡಿ. ಲೋಹದ ಮೂಲೆಗಳು ರೇಡಾರ್‌ಗೆ ಹೊಳೆಯುತ್ತವೆ, ಬಯಲು ಖಾಲಿಯಾದಂತೆ ಹೊಳಪು ಇಳಿಯುತ್ತದೆ. ಉಪಗ್ರಹ ಉತ್ತರಕ್ಕೆ ಹೋಗುವಾಗಿನ ಚಿತ್ರವನ್ನು ದಕ್ಷಿಣಕ್ಕೆ ಬರುವಾಗಿನದರ ಜೊತೆ ಹೋಲಿಸಬೇಡಿ, ಕೋನ ಬದಲಾದರೆ ಹೊಳಪೂ ಬದಲಾಗುತ್ತದೆ. ಸೆಂಟಿನೆಲ್-1ಬಿ 2021ರ ಡಿಸೆಂಬರ್‌ನಲ್ಲಿ ಕೆಟ್ಟುಹೋಯಿತು, ಬದಲಿ ಉಪಗ್ರಹ ಹಾರಿದ್ದು 2024ರ ಡಿಸೆಂಬರ್‌ನಲ್ಲಿ. ಯುದ್ಧದ ಬಹುಕಾಲ ಈ ಸರಣಿ ತೆಳುವಾಗಿರುವುದು ಇದರಿಂದಲೇ.

ಹಂತ 8: ಯಾವಾಗ ಕೊಳ್ಳಬೇಕು

ಸೆಂಟಿನೆಲ್‌ನಲ್ಲಿ ದೊಡ್ಡ ಬದಲಾವಣೆ ಕಂಡಮೇಲೆ ಮಾತ್ರ. ಸಂಗ್ರಹದ ಹಳೆಯ ಚಿತ್ರ ಹೊಸದಾಗಿ ತೆಗೆಸುವುದಕ್ಕಿಂತ ಬಹಳ ಅಗ್ಗ, ಆದರೆ ಸಾಮಾನ್ಯವಾಗಿ ಒಂದು ಕನಿಷ್ಠ ವಿಸ್ತೀರ್ಣ ಕೊಳ್ಳಲೇಬೇಕಾಗುತ್ತದೆ. ಹಣ ಕಟ್ಟುವ ಮೊದಲು ಮುನ್ನೋಟದ ಪುಟ್ಟ ಚಿತ್ರದಲ್ಲಿ ಮೋಡ ಎಲ್ಲಿದೆ ನೋಡಿ. ಇಡೀ ಚಿತ್ರದ ಶೇ. 10 ಮೋಡ ನಿಮ್ಮ ನೆಲೆಯ ಮೇಲೆಯೇ ಕೂತಿರಬಹುದು. ಉಪಗ್ರಹ ಓರೆಯಾಗಿ ನೋಡಿದ ಕೋನ 25 ಡಿಗ್ರಿ ಮೀರಿದ್ದರೆ ಬೇಡ. ನಾಲ್ಕಾರು ಜನ ಸೇರಿ ಕೊಳ್ಳುವುದು ವಾಡಿಕೆ. ಆಗ ಪರವಾನಗಿಯ ಷರತ್ತು ಓದಿಕೊಳ್ಳಿ, ಚಿತ್ರ ಹಂಚಿಕೊಳ್ಳಲು, ಪ್ರಕಟಿಸಲು ಬೇರೆ ಬೇರೆ ನಿಯಮಗಳಿರುತ್ತವೆ.

ಹಂತ 9: ಹೋದದ್ದು ಎಲ್ಲಿಗೆ?

ಜಾಗ ಖಾಲಿಯಾಯಿತು ಎಂಬುದರಿಂದ ಟ್ಯಾಂಕ್ ಯುದ್ಧಕ್ಕೆ ಹೋಯಿತು ಎಂದಾಗುವುದಿಲ್ಲ. ಪಕ್ಕದ ಶೆಡ್ಡಿಗೆ, ಇನ್ನೊಂದು ತುಂಡಿಗೆ, ರಿಪೇರಿ ಕಾರ್ಖಾನೆಗೆ, ಇನ್ನೊಂದು ನೆಲೆಗೆ ಹೋಗಿರಬಹುದು. ಹಾಗಾಗಿ ನೆಲೆಗಳ ಜೊತೆಗೆ ಕಾರ್ಖಾನೆಗಳ ಅಂಗಳವನ್ನೂ ಎಣಿಸಿ: ಚಿತಾ ಬಳಿ ಅತಮಾನೊವ್ಕಾದ 103ನೇ ರಿಪೇರಿ ಘಟಕ (ಟಿ-62ಗಳ ಮುಖ್ಯ ಆಸ್ಪತ್ರೆ), ಟಿ-80ಗಳಿಗೆ ಓಮ್ಸ್ಕ್, ಟಿ-72 ಮತ್ತು ಟಿ-90ಗಳಿಗೆ ನಿಝ್ನಿ ತಗಿಲ್‌ನ ಉರಲ್‌ವಗೊನ್‌ಜವೊದ್. ಒಂದು ಋತುವಿನಲ್ಲಿ ನೆಲೆಯಿಂದ ಟಿ-62 ಸಾಲು ಮಾಯವಾಗಿ, ಅತಮಾನೊವ್ಕಾದ ಅಂಗಳ ತುಂಬಿ, ಕೆಲ ತಿಂಗಳ ಮೇಲೆ ಒರಿಕ್ಸ್ ಪಟ್ಟಿಯಲ್ಲಿ ಟಿ-62ಗಳ ಸಂಖ್ಯೆ ಏರಿದರೆ ಸರಪಳಿ ಪೂರ್ತಿಯಾಯಿತು. ಕೊಂಡಿ ತಪ್ಪಿದ ಕಡೆ ‘ತೆರವಾಗಿದೆ, ಗಮ್ಯ ಗೊತ್ತಿಲ್ಲ’ ಎಂದು ಬರೆದು ಮುಂದೆ ಹೋಗಿ.

ಶೆಡ್ಡುಗಳ ಒಳಗಿನದಕ್ಕೆ ಅಂದಾಜು ಮಾತ್ರ. 18ಕ್ಕೆ 90 ಮೀಟರ್ ಶೆಡ್ಡಿನಲ್ಲಿ ಮುಂಚಾಚಿದ ನಳಿಗೆಯ ಟ್ಯಾಂಕ್ ಒಂಬತ್ತೂವರೆ ಮೀಟರ್ ಹಿಡಿಯುವುದರಿಂದ ಎರಡು ಸಾಲು ಕೂರುವುದಿಲ್ಲ. ಒಂದು ಸಾಲು, ತಲಾ 4.5ರಿಂದ 6 ಮೀಟರ್ ಜಾಗ, ಅಂದರೆ ಗರಿಷ್ಠ 15ರಿಂದ 20. ಕನಿಷ್ಠ ಸೊನ್ನೆ. ಕಣ್ಣಿಗೆ ಕಂಡ ಎಣಿಕೆಯ ಜೊತೆ ಇದನ್ನು ಎಂದೂ ಕೂಡಿಸಬೇಡಿ, ಪ್ರತ್ಯೇಕ ಕಂಬದಲ್ಲಿ ಇಡಿ.

ಹಂತ 10: ದಾಖಲೆ ಮತ್ತು ಪ್ರಕಟಣೆ

ಎಕ್ಸೆಲ್ ಶೀಟಿನಲ್ಲಿ ನೆಲೆ, ತುಂಡು, ಚಿತ್ರದ ದಿನಾಂಕ, ಚಿತ್ರದ ಮೂಲ, ಬಗೆ, ಗುಣಮಟ್ಟದ ಗುಂಪು, ಕನಿಷ್ಠ, ಗರಿಷ್ಠ, ಎಣಿಸಿದವರು ಎಂಬ ಕಂಬಗಳಿರಲಿ. ಹಳೆಯ ಸಾಲನ್ನು ಅಳಿಸಿ ತಿದ್ದಬೇಡಿ, ಹೊಸ ಸಾಲು ಸೇರಿಸಿ. ಬೇರೆ ಬೇರೆ ನೆಲೆಗಳ ಚಿತ್ರಗಳು ಬೇರೆ ಬೇರೆ ತಿಂಗಳಿನವಾದರೆ ಒಟ್ಟು ಮೊತ್ತದ ಪಕ್ಕ ಆ ಅವಧಿ ಬರೆಯಲೇಬೇಕು, ಇಲ್ಲವಾದರೆ ಮಾರ್ಚ್‌ನಲ್ಲಿ ಒಂದು ನೆಲೆಯಿಂದ ಹೊರಟು ಜೂನ್‌ನಲ್ಲಿ ಇನ್ನೊಂದನ್ನು ಸೇರಿದ ಟ್ಯಾಂಕ್ ಎರಡು ಸಲ ಲೆಕ್ಕಕ್ಕೆ ಬರುತ್ತದೆ.

ಈ ಕಲೆ ಕೈವಶವಾದ ಮೇಲೆ ನಮ್ಮ ದೇಶದ ಸೇನಾ ಆವರಣಗಳ ಮೇಲೆ ಪ್ರಯೋಗಿಸುವ ಚಪಲ ಹುಟ್ಟಬಹುದು. ಬೇಡ. 1923ರ ಅಧಿಕೃತ ರಹಸ್ಯಗಳ ಕಾಯ್ದೆ ಇಂದಿಗೂ ಜಾರಿಯಲ್ಲಿದೆ, ನಿಷೇಧಿತ ಸ್ಥಳಗಳ ನಕ್ಷೆ, ಟಿಪ್ಪಣಿ ಮಾಡುವುದೂ ಅದರ ವ್ಯಾಪ್ತಿಗೆ ಬರುತ್ತದೆ.

ಮೊದಲ ಯೋಜನೆಗೆ ಒಂದೇ ನೆಲೆ, ಎರಡೇ ದಿನಾಂಕ ಸಾಕು. ಬುಯ್ ಅಥವಾ ಆರ್ಸೆನ್ಯೆವ್ ಆರಿಸಿ, 2021ರದ್ದೊಂದು ಮತ್ತು ಸಿಕ್ಕಷ್ಟು ಇತ್ತೀಚಿನದೊಂದು ಚಿತ್ರ ಎಣಿಸಿ, ಗೂಗಲ್ ಅರ್ಥ್‌ನಲ್ಲಿ ತೆರೆಯುವ ಚುಕ್ಕಿಗಳ ಕೆಎಂಎಲ್ ಕಡತವನ್ನು ಅಂಕಿಗಳ ಜೊತೆಗೇ ಹಂಚಿ. ಕಡತ ತೆರೆದು ‘ಈ ಚುಕ್ಕಿ ಟ್ಯಾಂಕಲ್ಲ, ಮಣ್ಣಿನ ದಿಬ್ಬ’ ಎಂದು ತೋರಿಸಿಕೊಡುವವರು ಖಂಡಿತ ಬರುತ್ತಾರೆ, ಅಂಥವರನ್ನು ಮುಂದಿನ ಎಣಿಕೆಗೆ ಜೊತೆ ಸೇರಿಸಿಕೊಳ್ಳಿ.